ಭಾಯಿಗೆ ಹೆದರಿ ಓಡುವ ಹುಡುಗ ಎಲ್ಲಿಗೆ ಹೋಗುತ್ತಾನೆ?

ಸೋನೆಮಳೆ_99 (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಒಂದು ನೀಳ್ಗತೆ ಬರೆಯುತ್ತಿದ್ದೇನೆ. ಅರ್ಧಕ್ಕೆ ಬಂದು ಸಿಕ್ಕಿಕೊಂಡಿದ್ದೇನೆ.

ಕಥೆ ನಡೆಯುವುದು 1996ರಲ್ಲಿ. ಕರಾವಳಿಯ ಒಬ್ಬ ಹುಡುಗ, 22 ವರ್ಷ, ಬಾಂಬೆಯ ಒಂದು ಬಾರಿನಲ್ಲಿ ಗಲ್ಲಾದಲ್ಲಿ ಕೂರುತ್ತಾನೆ. ಹಫ್ತಾ ಕೇಳಿದ ಡಾನ್‌ನ ಕಡೆಯವನೊಬ್ಬ ಇವನಿಂದಾಗಿ ಪೊಲೀಸರಿಗೆ ಸಿಕ್ಕಿಬೀಳುತ್ತಾನೆ. ಡಾನ್ ಸೇಡು ತೀರಿಸಲು ಹೊರಡುತ್ತಾನೆ. ಹುಡುಗ ಓಡುತ್ತಾನೆ. ಇಷ್ಟು ಬರೆದಿದ್ದೇನೆ.

ಮುಂದೆ ಅವನನ್ನು ಊರಿಗೆ ಕಳಿಸಿದ್ದೇನೆ. ಅಜ್ಜಿಮನೆಯ ಅಡಿಕೆ ತೋಟ, ಮಳೆ, ಕತ್ತಲು. ಒಂದು ರಾತ್ರಿ ಕಪ್ಪು ಕಾರಿನಲ್ಲಿ ಕೋಟು ಹಾಕಿದ ನಾಲ್ಕು ಜನ ಬರುತ್ತಾರೆ. ಇದನ್ನು ಬರೆದು ನನ್ನ ಅಣ್ಣನಿಗೆ ಓದಲು ಕೊಟ್ಟೆ. ಅವನು ನಗುತ್ತಾ ಕೂತ. ಎಲ್ಲಿ ತಪ್ಪಿತು ಎಂದು ಕೇಳಿದರೆ ಹೇಳಲೂ ಇಲ್ಲ.

ನನಗೆ ಬೇಕಿರುವುದು ಇಷ್ಟೇ. ಆ ಕಾಲದಲ್ಲಿ ಇಂಥ ಹುಡುಗ ನಿಜಕ್ಕೂ ಎಲ್ಲಿಗೆ ಓಡುತ್ತಿದ್ದ? ಅವನ ಊರು ಅವರಿಗೆ ಹೇಗೆ ಗೊತ್ತಾಗುತ್ತಿತ್ತು? ಪೊಲೀಸರು ಯಾಕೆ ಕಾಪಾಡುತ್ತಿರಲಿಲ್ಲ? ನಾನು ಹುಟ್ಟಿದ್ದೇ 1999ರಲ್ಲಿ. ಬಾಂಬೆಯನ್ನು ಒಮ್ಮೆಯೂ ನೋಡಿಲ್ಲ. ದಯವಿಟ್ಟು ಬೈಯಬೇಡಿ.

ಅಂಧೇರಿ_ಲೋಕಲ್:

ಬೈಯಲ್ಲ, ಆದರೆ ಕೋಟು ತೆಗೆಸಿ. ನವೆಂಬರಿನಲ್ಲೂ ಬೆವರು ಸುರಿಯುವ ಕರಾವಳಿಯಲ್ಲಿ ಕೋಟು ಹಾಕಿದ ನಾಲ್ಕು ಜನ ಬಂದರೆ ಊರಿನವರು ಎಲ್‌ಐಸಿಯವರು ಎಂದುಕೊಳ್ಳುತ್ತಾರೆ.

ಎರಡನೆಯದು, ಆಗ ಯಾರೂ 'ಡಾನ್' ಎನ್ನುತ್ತಿರಲಿಲ್ಲ. 'ಭಾಯಿ'. ಫೋನಿನಲ್ಲೂ ಅಷ್ಟೇ, 'ಭಾಯಿ ನೆನಪು ಮಾಡಿದ್ದಾರೆ'. ಲಕ್ಷಕ್ಕೆ ಪೇಟಿ, ಕೋಟಿಗೆ ಖೋಕಾ. ಕೈಕೆಳಗಿನ ಹುಡುಗರು ಪಂಟರ್‌ಗಳು. ಭಾಯಿ ದೇಶದಲ್ಲೇ ಇಲ್ಲದಿರಬಹುದು. ನಿಮ್ಮ ಹುಡುಗ ಅವನ ಮುಖ ನೋಡುವುದೇ ಇಲ್ಲ. ಕಥೆಯಲ್ಲಿ ಅವರಿಬ್ಬರನ್ನು ಎದುರುಬದುರು ನಿಲ್ಲಿಸಬೇಡಿ.

ಆ ವರ್ಷಗಳ ಬಾಂಬೆ ಹೇಗಿತ್ತು ಎಂದರೆ, 1993ರ ಬಾಂಬ್ ಸ್ಫೋಟದ ನಂತರ ಒಂದೇ ಗ್ಯಾಂಗಿನಲ್ಲಿದ್ದ ದಾವೂದ್ ಮತ್ತು ಛೋಟಾ ರಾಜನ್ ಬೇರೆಯಾದರು. ಇನ್ನೊಂದು ಕಡೆ ಬೈಕುಲ್ಲಾದ ದಗಡಿ ಚಾಳದಲ್ಲಿ ಅರುಣ್ ಗವಳಿ. ಎಲ್ಲರಿಗೂ ದುಡ್ಡು ಬೇಕು, ಎಲ್ಲರೂ ಫೋನ್ ಮಾಡುತ್ತಾರೆ. 1997ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತ್ ಕೊಲೆಯಾಯಿತು. ಆಗಸ್ಟ್‌ನಲ್ಲಿ ಅಂಧೇರಿಯ ಗುಡಿಯ ಹೊರಗೆ ಟಿ-ಸೀರೀಸ್ ಕ್ಯಾಸೆಟ್ ಕಂಪನಿಯ ಗುಲ್ಶನ್ ಕುಮಾರ್ ಅವರನ್ನು ಹಾಡಹಗಲೇ ಹೊಡೆದರು. ಅಷ್ಟು ದೊಡ್ಡವರಿಗೇ ಹೀಗಾದರೆ ಗಲ್ಲಾದ ಹುಡುಗನ ಪಾಡು ಯಾರು ಕೇಳಬೇಕು?

ಬಾರ್ ಮತ್ತು ಹೋಟೆಲಿನವರೇ ಯಾಕೆ ಸಿಕ್ಕಿಬೀಳುತ್ತಿದ್ದರು ಎಂದರೆ, ನಗದು ವ್ಯಾಪಾರ. ರಾತ್ರಿ ತನಕ ತೆರೆದ ಬಾಗಿಲು. ಫೋನ್ ನಂಬರ್ ಬಿಲ್ಲಿನ ಮೇಲೇ ಅಚ್ಚಾಗಿರುತ್ತದೆ. ಮಾಲೀಕ ಅಲ್ಲೇ ಕೂತಿರುತ್ತಾನೆ.

ಕರಾವಳಿಯ ನಂಟು ನೀವು ತಂದದ್ದು ಸರಿಯಾಗಿದೆ. ಅದು ಹೋಟೆಲಿನವರ ಕಡೆ ಮಾತ್ರ ಅಲ್ಲ, ಭಾಯಿಗಳ ಕಡೆಯೂ ಇತ್ತು. ರವಿ ಪೂಜಾರಿ ಕರಾವಳಿ ಮೂಲದವನೇ. 2019ರಲ್ಲಿ ಸೆನೆಗಲ್‌ನಲ್ಲಿ ಸಿಕ್ಕಿಬಿದ್ದ, 2020ರ ಫೆಬ್ರವರಿಯಲ್ಲಿ ಬೆಂಗಳೂರಿಗೆ ತಂದರು. ಉಡುಪಿ ಕಡೆಯ ಬನ್ನಂಜೆ ರಾಜ 2015ರಲ್ಲಿ ಮೊರಾಕ್ಕೊದಲ್ಲಿ ಸಿಕ್ಕಿಬಿದ್ದ. 2013ರಲ್ಲಿ ಅಂಕೋಲಾದ ಉದ್ಯಮಿ ಆರ್. ಎನ್. ನಾಯಕ್ ಅವರ ಕೊಲೆ ನಡೆದಿತ್ತು. ಹಫ್ತಾ ಕೊಡಲು ಒಪ್ಪದ್ದೇ ಕಾರಣ. ಆ ಕೇಸಿನಲ್ಲಿ ಬೆಳಗಾವಿಯ ವಿಶೇಷ ನ್ಯಾಯಾಲಯ 2022ರಲ್ಲಿ ಬನ್ನಂಜೆ ರಾಜನಿಗೆ ಜೀವಾವಧಿ ಕೊಟ್ಟಿತು. ಹಾಗಾಗಿ ಊರಿಗೆ ಹೋದರೆ ಬಚಾವ್ ಎಂಬ ಲೆಕ್ಕ ಅಲ್ಲಿಗೇ ತಪ್ಪುತ್ತದೆ.

ಹಳೇ_ಗಲ್ಲಾ:

ನಿಮ್ಮ ಪ್ರಶ್ನೆ ಓದಿ ಎರಡು ದಿನ ಸುಮ್ಮನಿದ್ದೆ. ಇವತ್ತು ಬರೆಯುತ್ತಿದ್ದೇನೆ. ನಿಮ್ಮ ಹುಡುಗ ನಾನೇ ಮಾರಾಯ್ರೆ. ವರ್ಷವೂ ಅದೇ, ವಯಸ್ಸೂ ಅದೇ. ಯಾವ ಬಾರ್, ಯಾವ ಭಾಯಿ ಎಂದು ಮಾತ್ರ ಕೇಳಬೇಡಿ. ನನ್ನ ಹೆಸರೂ ಬೇಡ.

ನಮ್ಮದು ಕಾರ್ಕಳ ತಾಲೂಕು. 14 ವರ್ಷಕ್ಕೆ ಬಾಂಬೆಗೆ ಹೋದೆ. ಕಪ್ಪು ಬಸಿ ತೊಳೆದೆ, ಟೇಬಲ್ ಒರೆಸಿದೆ, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಹತ್ತನೇ ಕ್ಲಾಸು ಮುಗಿಸಿದೆ. ಅಕ್ಷರ ಚೆಂದ, ಲೆಕ್ಕ ಬೇಗ. 20ಕ್ಕೆ ಗಲ್ಲಾದಲ್ಲಿ ಕೂರಿಸಿದರು. ಸಂಬಳ 1,800. ಊಟ ಅಲ್ಲೇ, ಮಲಗುವುದೂ ಅಲ್ಲೇ, ಮೇಜುಗಳನ್ನು ಜೋಡಿಸಿಕೊಂಡು.

ಫೋನ್ ಬಂದದ್ದು ರಾತ್ರಿ ಹನ್ನೊಂದರ ಹೊತ್ತಿಗೆ. ಆ ಕಡೆಯವನ ದನಿ ಬಹಳ ಮರ್ಯಾದೆಯದು. ಬೈಗುಳ ಇಲ್ಲ, ಕೂಗಾಟ ಇಲ್ಲ. ಊಟ ಆಯ್ತಾ ಎಂದು ನನ್ನನ್ನೂ ವಿಚಾರಿಸಿದ. ಐದು ಪೇಟಿ ಎಂದ. ನಮ್ಮ ಸೇಠ್ ಒಂದು ವಾರ ಊಟ ಬಿಟ್ಟು, ಕೊನೆಗೆ ಯಾರಿಗೂ ಹೇಳದೆ ಪೊಲೀಸರ ಹತ್ತಿರ ಹೋದರು. ಅವರು ಬಲೆ ಹಾಕಿದರು. ಮೇಲೆ ಕೆಳಗೆ ನೂರರ ನೋಟು, ನಡುವೆ ಬಿಳಿ ಕಾಗದ, ಹೊರಗೆ ಒಂದು ಕವರು. ಆರು ಜನ ಗಿರಾಕಿಗಳ ವೇಷದಲ್ಲಿ ಕೂತರು. ಸಂಜೆಯಿಂದ ತಿಂದರು. ಬಿಲ್ 340 ಆಗಿತ್ತು. ಯಾರೂ ಕೊಡಲಿಲ್ಲ. ಅದು ಯಾಕೋ ನನಗೆ ಇವತ್ತಿಗೂ ನೆನಪುಂಟು.

ಕವರು ಕೊಟ್ಟದ್ದು ನಾನು. ತೆಗೆದುಕೊಳ್ಳಲು ಬಂದವನಿಗೆ ನನ್ನದೇ ವಯಸ್ಸು. ಹಿಡಿದಾಗ ಅವನು ಪೊಲೀಸರ ಕಡೆ ನೋಡಲೇ ಇಲ್ಲ. ನನ್ನನ್ನು ನೋಡಿದ. ಸಿಟ್ಟಿನಿಂದ ಅಲ್ಲ. ಅರೆ, ನೀನಾ ಎಂಬ ಹಾಗೆ.

ಆಮೇಲೆ ನನ್ನ ಹೇಳಿಕೆ ಬರೆದುಕೊಂಡರು. ಹೆಸರು, ತಂದೆಯ ಹೆಸರು, ಗ್ರಾಮ, ಅಂಚೆ, ತಾಲೂಕು, ಜಿಲ್ಲೆ. ನಾನು ಶಾಲೆಯಲ್ಲಿ ಒಪ್ಪಿಸುವ ಹಾಗೆ ಒಪ್ಪಿಸಿದೆ. ಹೇಳದೆ ಇರಬಹುದು ಎಂದು ನನಗೆ ಹೊಳೆಯಲೂ ಇಲ್ಲ.

ಇದಾದದ್ದು ಆಗಸ್ಟ್‌ನಲ್ಲಿ. ಅಕ್ಟೋಬರ್ ಕೊನೆಗೆ ಮತ್ತೆ ಫೋನ್. ಈ ಸಲ ಬೇರೆ ದನಿ. ಸೇಠ್ ಬೇಡ, ನಿನ್ನ ಹತ್ತಿರವೇ ಮಾತು ಎಂದ. ಒಂದು ಕಾಗದ ನೋಡಿ ಓದುವ ಹಾಗೆ ನನ್ನ ವಿಳಾಸ ಓದಿದ. ನಮ್ಮ ಅಂಚೆ ಕಚೇರಿಯ ಹೆಸರಿನ ಸಮೇತ. ಹಿಂದಿಯವರ ಬಾಯಲ್ಲಿ ನಮ್ಮೂರ ಹೆಸರು ಎಷ್ಟು ವಿಚಿತ್ರವಾಗಿ ಕೇಳುತ್ತದೆ ಅಂತೀರಿ. ಎರಡು ಸಲ ತಪ್ಪು ಹೇಳಿದ. ನಾನು ಮೂರ್ಖ, ತಿದ್ದಿದೆ.

ಸಿಕ್ಕಿಬಿದ್ದ ಹುಡುಗ ಭಾಯಿಯ ಪರವಾಗಿ ಆ ಏರಿಯಾ ನೋಡಿಕೊಳ್ಳುವವನ ಹೆಂಡತಿಯ ತಮ್ಮನಂತೆ. ಹಾಗಾಗಿ ಇದು ದುಡ್ಡಿನ ವಿಷಯವಾಗಿ ಉಳಿಯಲಿಲ್ಲ. ಮನೆಯ ವಿಷಯ ಆಯಿತು. ಸೇಠ್‌ಗೆ ಬಂದೂಕಿನ ಪೊಲೀಸ್ ಒಬ್ಬನನ್ನು ಕೊಟ್ಟರು. ನನಗೆ ಸೇಠ್ ಊರಿನ ಬಸ್ ಟಿಕೆಟ್ ಕೊಟ್ಟರು.

ವಿಳಾಸ ಅವರ ಕೈಯಲ್ಲಿದೆ ಎಂದು ಗೊತ್ತಿದ್ದೂ ಊರಿಗೆ ಹೋದೆ. ಯಾಕೆ ಎಂದರೆ ಅಮ್ಮ ಒಬ್ಬಳೇ ಇದ್ದಳು. ಮತ್ತೆ ಬೇರೆ ಯಾವ ಜಾಗವೂ ಗೊತ್ತಿರಲಿಲ್ಲ. ಬಾಂಬೆಯಲ್ಲಿ ಎಂಟು ವರ್ಷ ಇದ್ದರೂ ನಾನು ನೋಡಿದ್ದು ಒಂದು ಅಡುಗೆಮನೆ, ಒಂದು ಗಲ್ಲಾ, ಒಂದು ರಾತ್ರಿ ಶಾಲೆ ಮತ್ತು ಈ ಬಸ್ಸು. ಬಸ್ಸಿನ ಕ್ಲೀನರ್‌ಗೂ ನನ್ನ ಗುರುತು. ಎಂಥ ಇದು, ಮೇ ತಿಂಗಳೂ ಅಲ್ಲ, ಭೂತದ ಕೋಲವೂ ಇಲ್ಲ, ಈಗ ಹೊರಟದ್ದು ಯಾಕೆ ಎಂದು ಕೇಳಿದ. ಹೋಟೆಲ್ ಹುಡುಗರು ಊರಿಗೆ ಹೋಗುವ ಕಾಲ ಅವರಿಗೆ ಬಾಯಿಪಾಠ. ಅಮ್ಮನಿಗೆ ಹುಷಾರಿಲ್ಲ ಎಂದೆ. ಕಾರ್ಕಳ ಮುಟ್ಟುವುದರೊಳಗೆ ಇಡೀ ಬಸ್ಸಿಗೆ ಅಮ್ಮನ ಕಾಯಿಲೆಯ ಸುದ್ದಿ.

ಒಂಬತ್ತನೇ ದಿನ ಅವರು ಬಂದರು. ಕಾರಿನಲ್ಲಿ ಅಲ್ಲ. ಒಂದು ಆರ್‌ಎಕ್ಸ್ 100 ಬೈಕು, ಇಬ್ಬರು. ಗೂಡಂಗಡಿಯಲ್ಲಿ ಸೋಡ ಕುಡಿದು ನಮ್ಮ ಮನೆ ಯಾವುದೆಂದು ಕೇಳಿದರು. ತುಳುವಿನಲ್ಲಿ ಕೇಳಿದರು. ಹಿಂದಿಯಲ್ಲಿ ಕೇಳಿದ್ದರೆ ಅಂಗಡಿಯ ಅಣ್ಣ ನೂರು ಪ್ರಶ್ನೆ ಹಾಕುತ್ತಿದ್ದ. ತುಳುವಿನವರಾದ್ದರಿಂದ ದಾರಿ ತೋರಿಸಿಬಿಟ್ಟ. ತೋಡು ದಾಟಿದ ಮೇಲೆ ನಾಯಿ ಉಂಟು, ಜಾಗ್ರತೆ ಎಂದೂ ಹೇಳಿದನಂತೆ!

ನಾನು ತೋಟದ ಕೆಳಗಿನ ತುದಿಯಲ್ಲಿದ್ದೆ. ನಾಯಿ ಬೊಗಳಿದ್ದು ಕೇಳಿ ಕಾಲು ಅಲ್ಲೇ ನಿಂತಿತು. ಅಮ್ಮ ಅವರನ್ನು ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟಳು. ಮಗ ಮಂಗಳೂರಿಗೆ ಕೆಲಸ ಹುಡುಕಲು ಹೋಗಿದ್ದಾನೆ ಎಂದಳು. ಅವಳಿಗೆ ನಾನು ಏನೂ ಹೇಳಿರಲಿಲ್ಲ. ಆದರೂ ಅವಳು ಸುಳ್ಳು ಹೇಳಿದಳು. ಅದು ಹೇಗೆ ಎಂದು ಕೊನೆ ತನಕ ಹೇಳಲಿಲ್ಲ. ಹೋಗುವಾಗ ಅವರಲ್ಲಿ ಒಬ್ಬ ತಲೆಯೆತ್ತಿ ನೋಡಿ, ಅಮ್ಮಾ, ಆ ಮೂಲೆಯ ಎರಡು ಹಂಚು ಒಡೆದಿದೆ, ಮುಂದಿನ ಮಳೆಗೆ ಸೋರುತ್ತದೆ, ಬದಲಾಯಿಸಿ ಎಂದನಂತೆ.

ಅದನ್ನು ಕೇಳಿ ನನಗೆ ಬಂದಷ್ಟು ನಡುಕ ಫೋನಿನಲ್ಲಿ ಬಂದಿರಲಿಲ್ಲ. ಅವನ ಮನೆಗೂ ಹಂಚಿನ ಮಾಡೇ ಇರಬೇಕು ಅಲ್ವಾ?

ಅದೇ ರಾತ್ರಿ ಭಾವನ ಸ್ಕೂಟರಿನಲ್ಲಿ ಬಜಗೋಳಿಗೆ. ಬೆಳಗಿನ ಬಸ್ಸಿನಲ್ಲಿ ಮಾಳ ಘಾಟಿ ಹತ್ತಿ, ಎಸ್.ಕೆ. ಬಾರ್ಡರ್ ದಾಟಿ ಶೃಂಗೇರಿಗೆ. ಅಲ್ಲಿಂದ ಶಿವಮೊಗ್ಗ. ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡುಗಳನ್ನು ಓದುತ್ತಾ ನಿಂತೆ. ಹುಬ್ಬಳ್ಳಿಯಲ್ಲಿ ದೊಡ್ಡಪ್ಪನ ಮಗ ಇದ್ದ. ಬೆಂಗಳೂರಿನಲ್ಲಿ ಅರ್ಧ ಊರೇ ಇತ್ತು. ದಾವಣಗೆರೆಯಲ್ಲಿ ಸೇಠ್‌ನ ನೆಂಟರ ಹೋಟೆಲು. ರಾಯಚೂರು ಎಂಬ ಬೋರ್ಡು ಕಂಡಿತು. ನನಗೆ ಗೊತ್ತಿದ್ದವರು ಯಾರೂ ರಾಯಚೂರಿಗೆ ಹೋದವರಲ್ಲ. ಹತ್ತಿ ಕೂತೆ.

ಇಲ್ಲಿಂದ ಮುಂದೆ ನಿಮ್ಮ ಕಥೆಗೆ ಬೇಕಾದ್ದು ಇದೆ, ಗಮನ ಕೊಟ್ಟು ಓದಿ. ಅಡಗಿಸಬೇಕಾದ್ದು ನಾಲಗೆಯನ್ನು. ಮುಖ ಯಾರು ನೋಡುತ್ತಾರೆ? ಮಂಗಳೂರು ಕಡೆಯವನು ಬಾಯಿ ಬಿಟ್ಟರೆ ಮೂರನೇ ಮಾತಿಗೆ ಸಿಕ್ಕಿಬೀಳುತ್ತಾನೆ. 'ಉಂಟು', 'ಎಂಥದು', 'ಹೋಗುವ', 'ಮಾರಾಯ'. ಎಪಿಎಂಸಿಯಲ್ಲಿ ಹತ್ತಿಯ ಸೀಸನ್ ಶುರುವಾಗಿತ್ತು. ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಸುವ ಒಂದು ಅಡತ್ ಅಂಗಡಿಯಲ್ಲಿ ಲೆಕ್ಕ ಬರೆಯುವವನು ಬೇಕಿತ್ತು. ಸಾಹುಕಾರರು ಯಾವೂರಪ್ಪ ಎಂದರು. ಶಿವಮೊಗ್ಗ ಎಂದೆ. ಶಿವಮೊಗ್ಗದವರು ಹಿಂಗ ಮಾತಾಡಂಗಿಲ್ಲಲ್ಲೋ ಎಂದು ನಕ್ಕರು. ಅಷ್ಟೇ, ಮತ್ತೆ ಕೇಳಲಿಲ್ಲ.

ಮೂರು ತಿಂಗಳು ನಾನು ಬೇಕಾದಷ್ಟೇ ಮಾತಾಡಿದೆ. ಹಮಾಲರು ನನಗೆ ಮೂಗ ಗುಮಾಸ್ತ ಎಂದು ಹೆಸರಿಟ್ಟರು. ರಾತ್ರಿ ಒಬ್ಬನೇ 'ಏನ್ರಿ', 'ಹೌದ್ರಿ', 'ಬರ್ರಿ', 'ಕುಂದರ್ರಿ' ಎಂದು ಹೇಳಿಕೊಂಡು ಕಲಿತೆ. 'ಉಂಟು' ಮಾತ್ರ ಎಷ್ಟು ನುಂಗಿದರೂ ಮೇಲೆ ಬರುತ್ತಿತ್ತು. ಒಂದು ದಿನ ಹತ್ತಿಯ ಅಂಡಿಗೆ, ಅಂದರೆ ಮೂಟೆ, ಕಾಲ ಮೇಲೆ ಬಿತ್ತು. 'ಅಪ್ಪೇ' ಎಂದು ಕಿರುಚಿದೆ. ಹಮಾಲರು ಪಾಪ, ಅಪ್ಪನನ್ನು ಕರೆಯುತ್ತಿದ್ದಾನೆ ಎಂದುಕೊಂಡರು. ತುಳುವಿನಲ್ಲಿ ಅಪ್ಪೆ ಎಂದರೆ ಅಮ್ಮ.

ಹೊಟ್ಟೆಯೂ ಹಾಗೆಯೇ ಬಿಟ್ಟುಕೊಡುತ್ತದೆ. ರೊಟ್ಟಿ, ಪುಂಡಿಪಲ್ಯ ರೂಢಿಯಾಯಿತು. ಒಗ್ಗರಣೆ ಮಿರ್ಚಿ ಅಂತೂ ಈಗಲೂ ಆಸೆ. ಆದರೆ ಜ್ವರ ಬಂದ ಒಂದು ದಿನ ಗಂಜಿ ಬೇಕೆನಿಸಿತು. ಸೋನಾ ಮಸೂರಿ ಬೆಳೆಯುವ ಸೀಮೆಯಲ್ಲಿ ಕಿರಾಣಿ ಅಂಗಡಿಗೆ ಹೋಗಿ ಕುಚ್ಚಲಕ್ಕಿ ಉಂಟಾ ಎಂದೆ. ಎರಡು ತಪ್ಪು ಒಂದೇ ಮಾತಿನಲ್ಲಿ. ನೀವು ಮಂಗಳೂರವರೇನ್ರಿ, ಶಕ್ತಿನಗರದಾಗ ನಿಮ್ಮವರು ಭಾಳ ಮಂದಿ ಅದಾರ ಎಂದ ಅಂಗಡಿಯವನು. ಅಲ್ಲಿ ದೊಡ್ಡ ಕರೆಂಟ್ ಸ್ಥಾವರ ಇದೆ, ಎಲ್ಲ ಜಿಲ್ಲೆಯ ನೌಕರರೂ ಇದ್ದಾರೆ ಎಂದು ನನಗೆ ಗೊತ್ತೇ ಇರಲಿಲ್ಲ. ಆ ಅಂಗಡಿಯ ರಸ್ತೆಯನ್ನೇ ಬಿಟ್ಟೆ. ಉಡುಪಿ ಹೋಟೆಲ್ ಎಂಬ ಬೋರ್ಡು ಕಂಡರೆ ಆಚೆ ಬದಿಗೆ ದಾಟುತ್ತಿದ್ದೆ. ಒಳಗಿನ ಸಾಂಬಾರಿನ ವಾಸನೆ ಮಾತ್ರ ರಸ್ತೆ ದಾಟಿ ಬರುತ್ತಿತ್ತು.

ಕಾಗದ ಹಾಕುವುದೂ ಕಷ್ಟ. ಅಂಚೆಯ ಮುದ್ರೆಯಲ್ಲಿ ಊರಿನ ಹೆಸರು ಇರುತ್ತದೆ. ಮನಿಯಾರ್ಡರಿನಲ್ಲಿ ಕಳಿಸಿದವರ ವಿಳಾಸ ಬರೆಯಬೇಕು. ನಮ್ಮೂರ ಪೋಸ್ಟ್‌ಮ್ಯಾನ್ ಬಹಳ ಒಳ್ಳೆಯವರು. ಅದೇ ತೊಂದರೆ. ಇಂಥಲ್ಲಿಂದ ಕಾಗದ ಬಂದಿದೆ ಎಂದು ದಾರಿಯಲ್ಲೇ ಎಲ್ಲರಿಗೂ ಸಂತೋಷದಿಂದ ಹೇಳುತ್ತಿದ್ದರು. ಹಾಗಾಗಿ ಹತ್ತಿ ಸಾಗಿಸುವ ಲಾರಿಯವರ ಕೈಗೆ ಕೊಟ್ಟು ಒಮ್ಮೆ ಗುಂಟೂರಿನಲ್ಲಿ, ಒಮ್ಮೆ ಸೊಲ್ಲಾಪುರದಲ್ಲಿ ಡಬ್ಬಿಗೆ ಹಾಕಿಸಿದೆ. ಅಮ್ಮ ನಾನು ಲಾರಿ ಓಡಿಸುತ್ತಿದ್ದೇನೆ ಎಂದುಕೊಂಡಳಂತೆ.

ಹೀಗೆ 1998ರ ಮೇ ತನಕ. ಒಂದು ರಾತ್ರಿ ಎಸ್‌ಟಿಡಿ ಬೂತಿನಿಂದ, ಹನ್ನೊಂದರ ಮೇಲೆ ಕಾಲು ರೇಟು ಅಲ್ವಾ, ಭಾವನ ಪಕ್ಕದ ಮನೆಗೆ ಫೋನ್ ಮಾಡಿದೆ. ಭಾವ ಬಂದು ಹೇಳಿದ್ದು ಇಷ್ಟು. ಸೇಠ್‌ನ ತಮ್ಮ ಒಂದು ಮದುವೆಗೆ ಊರಿಗೆ ಬಂದಿದ್ದರು. ಹುಡುಗ ಎಲ್ಲಿ, ಕೆಲಸಕ್ಕೆ ಬರುವುದಿಲ್ಲವಾ ಎಂದು ಕೇಳಿದರು. ಭಾವ ವಿಷಯ ಹೇಳಿದಾಗ ಅವರು ಊಟ ನಿಲ್ಲಿಸಿ ನೋಡಿದರಂತೆ. ಆ ಏರಿಯಾದವನನ್ನು ಇನ್ನೊಂದು ಗ್ಯಾಂಗಿನವರು 1997ರ ಫೆಬ್ರವರಿಯಲ್ಲೇ ಮುಗಿಸಿದ್ದರು. ಆ ಹುಡುಗನಿಗೆ ಯಾರೂ ಹೇಳಲಿಲ್ಲವಾ ಎಂದರಂತೆ.

ಯಾರೂ ಹೇಳಲಿಲ್ಲ. ಹೇಳಲು ನಾನು ಎಲ್ಲಿದ್ದೇನೆ ಎಂದು ಯಾರಿಗೂ ಗೊತ್ತಿರಲಿಲ್ಲ. ಒಂದೂಕಾಲು ವರ್ಷ ನಾನು ಸತ್ತವನಿಗೆ ಹೆದರಿ ಕುಚ್ಚಲಕ್ಕಿ ಬಿಟ್ಟಿದ್ದೆ. ಫಾರಿನ್ನಿನ ಭಾಯಿಗೆ ನನ್ನ ಹೆಸರು ಯಾವತ್ತೂ ಗೊತ್ತಿರಲಿಲ್ಲ.

ವಾಪಸ್ ಬರುವಷ್ಟರಲ್ಲಿ ನಮ್ಮ ವಿಳಾಸವೂ ಬದಲಾಗಿತ್ತು. ಹೋಗುವಾಗ ದಕ್ಷಿಣ ಕನ್ನಡ, ಬರುವಾಗ ಉಡುಪಿ ಜಿಲ್ಲೆ. ಕೊಂಕಣ ರೈಲು ಬಾಂಬೆ ತನಕ ಓಡಲು ಶುರುವಾಗಿತ್ತು. ಎಲ್ಲರೂ ನನಗೆ ಅದನ್ನೇ ಹೇಳಿದರು, ಇನ್ನು ಬಾಂಬೆ ಹತ್ತಿರ ಆಯಿತು ಮಾರಾಯ ಎಂದು. ನಾನು ಮತ್ತೆ ಹೋಗಲಿಲ್ಲ.

ಕಪ್ಪುಕೋಟು_ಧಾರವಾಡ:

ಇಲ್ಲಿ ಕೋಟು ಹಾಕುವವಳು ನಾನೊಬ್ಬಳೇ ಎಂದು ಕಾಣುತ್ತದೆ. ಕ್ರಿಮಿನಲ್ ಕೇಸುಗಳನ್ನು ನಡೆಸುತ್ತೇನೆ. ಹಳೇ ಗಲ್ಲಾ ಅವರ ವಿಳಾಸ ಹೇಗೆ ಹೋಯಿತು ಎಂದು ಯಾರೂ ಕೇಳಲಿಲ್ಲವಲ್ಲ. ಯಾರೋ ಪೊಲೀಸ್ ಮಾರಿಕೊಂಡ ಎಂದು ಕಥೆಗಾರರು ಬರೆದುಬಿಡಬಹುದು. ಅದರ ಅಗತ್ಯವೇ ಇಲ್ಲ. ಚಾರ್ಜ್‌ಶೀಟ್ ಹಾಕಿದ ಮೇಲೆ ಸಾಕ್ಷಿಗಳ ಹೇಳಿಕೆಯ ಪ್ರತಿಯನ್ನು ಆರೋಪಿಗೆ ಪುಕ್ಕಟೆ ಕೊಡಬೇಕು. ಕ್ರಿಮಿನಲ್ ಕೇಸು ನಡೆಸುವ ಕ್ರಮ ಹೇಳುವ ಆಗಿನ ಕಾಯ್ದೆ ಸಿಆರ್‌ಪಿಸಿಯ 207ನೇ ಸೆಕ್ಷನ್, ಈಗ ಅದರ ಜಾಗಕ್ಕೆ ಬಂದಿರುವ ಬಿಎನ್‌ಎಸ್‌ಎಸ್‌ನಲ್ಲಿ 230. ತನ್ನ ಮೇಲೆ ಯಾರು ಏನು ಹೇಳಿದ್ದಾರೆ ಎಂದು ಗೊತ್ತಿಲ್ಲದೆ ಯಾರೂ ತನ್ನ ಪರ ವಾದಿಸಲು ಆಗುವುದಿಲ್ಲ, ಅದಕ್ಕೇ ಆ ನಿಯಮ. ಆಗಸ್ಟ್‌ನಲ್ಲಿ ಬಂಧನ, ಅಕ್ಟೋಬರ್‌ನಲ್ಲಿ ಫೋನ್. ಲೆಕ್ಕ ಸರಿಯಾಗಿ ಕೂರುತ್ತದೆ. ಅವನು ಓದಿದ ಕಾಗದ ಬಹುಶಃ ನ್ಯಾಯಾಲಯವೇ ಕೊಟ್ಟದ್ದು.

ಹೇಳಿಕೆಯ ಒಂದು ಭಾಗವನ್ನು ಪ್ರತಿಯಿಂದ ಬಿಡಬೇಕೆಂದು ಪೊಲೀಸರು ಮ್ಯಾಜಿಸ್ಟ್ರೇಟರನ್ನು ಕೇಳಿಕೊಳ್ಳಲು ಆಗಲೂ ಅವಕಾಶ ಇತ್ತು. ಹಫ್ತಾ ಕೇಸಿನಲ್ಲಿ ಗಲ್ಲಾದ ಹುಡುಗನಿಗಾಗಿ ಅಷ್ಟು ತಲೆ ಕೆಡಿಸಿಕೊಳ್ಳುವವರು ಯಾರು?

ಇನ್ನೊಂದು ವಿಷಯ ನನಗೆ ಓದುವಾಗ ಹೊಳೆದದ್ದು. ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯಲ್ಲಿ ಸಾಕ್ಷಿಯ ಗುರುತು, ವಿಳಾಸ ಮುಚ್ಚಿಡಲು ದಾರಿ ಇತ್ತು. ಅದು 1995ರ ಮೇ ತಿಂಗಳಲ್ಲಿ ಮುಗಿಯಿತು. ಸಂಘಟಿತ ಅಪರಾಧ ತಡೆಯಲು ಮಹಾರಾಷ್ಟ್ರದ ಮೋಕಾ ಕಾಯ್ದೆ ಬಂದದ್ದು 1999ರಲ್ಲಿ, ಅದರಲ್ಲೂ ಅಂಥ ದಾರಿ ಇದೆ. ಅದೇ ಬಗೆಯ ನಮ್ಮ ಕರ್ನಾಟಕದ ಕೋಕಾ 2000ದ ಕಾಯ್ದೆ. ಇವರು ಹೇಳಿಕೆ ಕೊಟ್ಟದ್ದು 1996ರಲ್ಲಿ, ಸರಿಯಾಗಿ ನಡುವಿನ ಖಾಲಿ ಜಾಗದಲ್ಲಿ.

ನಿಮ್ಮ ಕಥೆ ಇವತ್ತಿನದಾಗಿದ್ದರೆ ಬೇರೆ ಮಾತು. 2018ರ ಡಿಸೆಂಬರ್‌ನಲ್ಲಿ ಮಹೇಂದರ್ ಚಾವ್ಲಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ರಕ್ಷಣಾ ಯೋಜನೆಯನ್ನು ಇಡೀ ದೇಶಕ್ಕೆ ಜಾರಿ ಮಾಡಿತು. ಜಿಲ್ಲಾ ನ್ಯಾಯಾಧೀಶರ ಸಮಿತಿಗೆ ಅರ್ಜಿ ಹಾಕಬೇಕು. ಬೆದರಿಕೆ ಎಷ್ಟು ನಿಜ ಎಂದು ಪೊಲೀಸರು ಐದು ಕೆಲಸದ ದಿನಗಳೊಳಗೆ ವರದಿ ಕೊಡಬೇಕು. ಫೋನ್ ನಂಬರ್ ಬದಲಿಸುವುದರಿಂದ ಹಿಡಿದು ಬೇರೆ ಊರು, ಬೇರೆ ಹೆಸರು ಕೊಡುವವರೆಗೂ ಅವಕಾಶ ಇದೆ. ರಕ್ಷಣೆ ಒಂದು ಸಲಕ್ಕೆ ಮೂರು ತಿಂಗಳು. 2024ರ ಜುಲೈಯಿಂದ ಜಾರಿಯಾದ ಬಿಎನ್‌ಎಸ್‌ಎಸ್ ಪ್ರಕಾರ ಪ್ರತಿ ರಾಜ್ಯವೂ ತನ್ನದೇ ಯೋಜನೆ ಮಾಡಬೇಕು. ಕಾಗದದ ಮೇಲೆ ಚೆನ್ನಾಗಿದೆ. ನನ್ನ ಕಕ್ಷಿದಾರರಲ್ಲಿ ಅರ್ಜಿ ಹಾಕೋಣ ಎಂದರೆ ಹತ್ತರಲ್ಲಿ ಎಂಟು ಜನ, ಅದಕ್ಕೂ ವಿಳಾಸ ಬರೆಯಬೇಕಾ ಮೇಡಂ ಎನ್ನುತ್ತಾರೆ.

ಹಳೇ ಗಲ್ಲಾ ಅವರೇ, ಆ ಕೇಸು ಏನಾಯಿತು?

ಒಗ್ಗರಣಿ_ಮಿರ್ಚಿ:

ನಾನು ರಾಯಚೂರಿನವ. ಅಣ್ಣಾರ, ನಿಮ್ಮ ಕಥಿ ಓದಿ ಮನಸ್ಸಿಗೆ ಹತ್ತಿತು. ಆದ್ರ ಒಂದು ಮಾತು. ನೀವು ನಾಲಿಗಿ ಅಡಗಿಸಿದ್ರಿ ಅಂತ ನೀವಷ್ಟ ತಿಳ್ಕೊಂಡಿರಿ. ನಮ್ಮ ಅಪ್ಪನೂ ಅಡತ್ ಅಂಗಡಿಯಾಗ ಇದ್ದಾಂವ. ದಿನಾ ನಾಲ್ಕು ತಾಲೂಕಿನ ರೈತರ ಮಾತು ಕೇಳಿ ಯಾರು ಯಾವ ಊರಾಂವ ಅಂತ ಹೇಳ್ತಿದ್ದ. ನಿಮ್ಮ ಸಾಹುಕಾರಗ ಮೊದಲನೇ ದಿನಾನ ಗೊತ್ತಿರತೈತಿ ನೋಡ್ರಿ.

ಸೋನೆಮಳೆ_99:

ಸರ್, ಏನು ಬರೆಯಬೇಕೋ ತಿಳಿಯುತ್ತಿಲ್ಲ. ಕೋಟು ತೆಗೆದೆ, ಕಾರೂ ತೆಗೆದೆ. ಕೊನೆಯ ಅಧ್ಯಾಯದ ಗುಂಡಿನ ಕಾಳಗವನ್ನೂ ತೆಗೆಯಬೇಕು ಎಂದು ಕಾಣುತ್ತದೆ. ಅದಕ್ಕೇ 14 ಪುಟ ಬರೆದಿದ್ದೆ.

ಬೇಜಾರಿಲ್ಲದಿದ್ದರೆ ಎರಡು ಪ್ರಶ್ನೆ. ಬಾಕಿ ಸಂಬಳ ಕೊಟ್ಟರಾ? ಆ ಇಬ್ಬರನ್ನು ಮತ್ತೆ ಯಾವತ್ತಾದರೂ ನೋಡಿದಿರಾ?

ಹಳೇ_ಗಲ್ಲಾ:

ಮೊದಲು ವಕೀಲರಿಗೆ. ಸಮನ್ಸ್ ಎರಡು ಸಲ ಮನೆಗೆ ಬಂದಿತ್ತು. ಅಮ್ಮ ಮಗ ಎಲ್ಲಿದ್ದಾನೋ ಗೊತ್ತಿಲ್ಲ ಎಂದು ವಾಪಸ್ ಕಳಿಸಿದ್ದಳು. ಮುಖ್ಯ ಸಾಕ್ಷಿ ಇಲ್ಲದೆ ಹುಡುಗ ಬಿಡುಗಡೆಯಾದ ಎಂದು ಆಮೇಲೆ ಕೇಳಿದೆ. ನನಗೆ ಬೇಸರ ಆಗಲಿಲ್ಲ. ನಿಮಗೆ ಇದು ಸರಿ ಕಾಣದಿರಬಹುದು. ವಿಳಾಸ ಹೋದ ದಾರಿ ಇವತ್ತು ನಿಮ್ಮಿಂದ ತಿಳಿಯಿತು. ಅಷ್ಟು ವರ್ಷ ನಾನು ನಮ್ಮ ಬಾರಿನ ಒಬ್ಬ ವೇಟರನ ಮೇಲೆ ಸಂಶಯ ಇಟ್ಟುಕೊಂಡಿದ್ದೆ. ಅವನೀಗ ಇಲ್ಲ. ಅದು ಬೇರೆ ಸಂಕಟ.

ರಾಯಚೂರಿನವರೇ, ನೀವು ಹೇಳಿದ್ದು ನಿಜ. ಹೊರಡುವ ದಿನ ಸಾಹುಕಾರರು ಲೆಕ್ಕ ಚುಕ್ತಾ ಮಾಡಿ, ಮೇಲೆ ಬಸ್ ಚಾರ್ಜಿಗೆ ಎಂದು ದುಡ್ಡು ಬೇರೆಯಾಗಿ ಎಣಿಸಿ ಕೊಟ್ಟರು. ಬಸ್ ಹತ್ತಿದ ಮೇಲೆ ನೋಡಿದೆ. ಶಿವಮೊಗ್ಗಕ್ಕಲ್ಲ, ಮಂಗಳೂರು ತನಕ ಸಾಲುವಷ್ಟು ಇತ್ತು.

ಬಾಕಿ ಸಂಬಳ ಎರಡು ತಿಂಗಳದ್ದು, 3,600. ಸೇಠ್ ಕೊಡುತ್ತೇನೆ ಎಂದಿದ್ದರು. ಈಗಲೂ ಎಲ್ಲಾದರೂ ಸಿಕ್ಕಿದರೆ ಹಾಗೆಯೇ ಹೇಳುತ್ತಾರೆ.

ಆ ಇಬ್ಬರಲ್ಲಿ ಒಬ್ಬನನ್ನು ನೋಡಿದೆ. ನನಗೆ ಗುರುತಿಲ್ಲ, ನಾನು ಅವತ್ತು ತೋಟದಲ್ಲಿ ಬಗ್ಗಿ ಕೂತಿದ್ದೆನಲ್ಲ. ಅಮ್ಮ ಗುರುತು ಹಿಡಿದಳು. ಹೆಚ್ಚು ಕಡಿಮೆ ಹತ್ತು ವರ್ಷದ ಮೇಲೆ, ನಮ್ಮ ಕಡೆಯ ಒಂದು ಮದುವೆ ಹಾಲಿನಲ್ಲಿ. ಅವನು ಹೆಣ್ಣಿನ ಕಡೆಯವರಿಗೆ ನೆಂಟ. ತಲೆ ನರೆತಿತ್ತು, ಪಂಚೆ ಎತ್ತಿ ಕಟ್ಟಿಕೊಂಡು ಸಾಲಿನಲ್ಲಿ ಪಾಯಸ ಬಡಿಸುತ್ತಿದ್ದ. ನಮ್ಮ ಎಲೆಯ ಮುಂದೆ ಬಂದಾಗ ಅಮ್ಮ ತಲೆಯೆತ್ತಿ ನೋಡಿ, ಹಂಚು ಬದಲಾಯಿಸಿದೆವು ಎಂದಳು.

ಅವನು ಸೌಟು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತ. ಆಮೇಲೆ ಅಮ್ಮನ ಎಲೆಗೆ ಇನ್ನೊಂದು ಸೌಟು ಹಾಕಿ ಮುಂದೆ ಹೋದ.